ಎಷ್ಟು ಹೊತ್ತು ನಿಂತೆ?

ಫೋನ್ ಮಾಡಿದವರನ್ನು ಅಕ್ಕ ಸುಮ್ಮನೆ ಕಾಯಿಸುತ್ತಿರಲಿಲ್ಲ. ಒಲೆಯ ಮೇಲೆ ಹಾಲಿದ್ದರೆ "ಒಂದು ನಿಮಿಷ" ಎಂದು ಹೋಗುತ್ತಿದ್ದರು. ಆ ನಿಮಿಷ ಮುಗಿಯುವುದರೊಳಗೆ ಹಾಲು ಉಕ್ಕಲಿ ಬಿಡಲಿ, ಓಡಿ ಬಂದು "ಲೈನಿನಲ್ಲಿ ಇದ್ದೀಯಲ್ಲ? ಇನ್ನು ಅರ್ಧ ನಿಮಿಷ ಉಂಟು" ಎಂದು ಹೇಳಿ ಮತ್ತೆ ಒಲೆಯ ಹತ್ತಿರ ಹೋಗುತ್ತಿದ್ದರು. "ಅಷ್ಟು ಓಡಾಡುವ ಬದಲು ಹಾಲು ಇಳಿಸಿಯೇ ಬನ್ನಿ ಅಕ್ಕ" ಎಂದು ನಾನು ನಗಾಡಿದ್ದುಂಟು. ಅವರು ನಗಲಿಲ್ಲ. ಕೆಲವು ವಿಷಯಗಳಲ್ಲಿ ಅವರಿಗೆ ತಮಾಷೆ ಅರ್ಥವಾಗುತ್ತಿರಲಿಲ್ಲ, ಅಥವಾ ಅರ್ಥವಾಗದ ಹಾಗೆ ಇರುತ್ತಿದ್ದರು.

ಹೋದ ತಿಂಗಳು ಕಾಪುವಿನ ತಮ್ಮ ಮನೆಯಲ್ಲಿ ಅವರು ತೀರಿಕೊಂಡರು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಹೋಗಿ ಬಂದ ಮೇಲೆ ಇದನ್ನು ಬರೆಯಬೇಕೆನ್ನಿಸಿತು. ಆಫೀಸಿನಲ್ಲಿ ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಬದುಕಿದ್ದಾಗ ಕಂಪನಿಯ ಗೋಡೆಯಲ್ಲಿ "ತಿಂಗಳ ಉತ್ತಮ ನೌಕರರು" ಎಂದು ಹಾಕಿದ್ದ ತಮ್ಮ ಫೋಟೊವನ್ನು ಸ್ಟೂಲು ಹತ್ತಿ ತಾವೇ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಹೋದವರು ಅವರು.

ನಾನು ಹಿರಿಯಡ್ಕದವನು. ಎರಡು ಸಾವಿರದ ಆಚೀಚೆ ಮಣಿಪಾಲದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಸೇರಿದೆ. ಕೆಳಗೆ ಔಷಧಿ ಅಂಗಡಿ, ಮೇಲೆ ನಾವು ಹನ್ನೊಂದು ಮಂದಿ. ಅದರಲ್ಲಿ ಹತ್ತು ಮಂದಿಗೆ ಮೂವತ್ತು ದಾಟಿರಲಿಲ್ಲ. ಹನ್ನೊಂದನೆಯವರು ಅಕ್ಕ, ನಲವತ್ತನ್ನು ಯಾವಾಗಲೋ ದಾಟಿದವರು. ನಾವು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು ಅವರ ಕೆಲಸ. ಅದಕ್ಕೆ ಮೊದಲು ಹನ್ನೆರಡು ವರ್ಷ ಒಂದು ದೊಡ್ಡ ಸಂಸ್ಥೆಯ ಟೆಲಿಫೋನ್ ಬೋರ್ಡಿನಲ್ಲಿ ಆಪರೇಟರ್ ಆಗಿದ್ದರಂತೆ. ತಾನಾಗಿಯೇ ಲೈನು ಕೊಡುವ ಬೋರ್ಡು ಬಂದ ಮೇಲೆ ಇವರ ಕುರ್ಚಿ ಹೋಯಿತು. ಗಂಡ ಮಸ್ಕತ್ತಿನಲ್ಲಿದ್ದರು, "ಮನೆಯಲ್ಲಿ ಕೂತುಕೋ" ಎಂದರು. ಇವರು ಉಡುಪಿಯ ಕಂಪ್ಯೂಟರ್ ಕ್ಲಾಸಿಗೆ ಸೇರಿ ಕಾಲೇಜು ಮಕ್ಕಳ ನಡುವೆ ಮೊದಲ ಬೆಂಚಿನಲ್ಲಿ ಕೂತರು.

ಅವರು ನಮಗೆ ಎಷ್ಟು ಕಿರಿಕಿರಿಯಾಗಿದ್ದರು ಎಂಬುದನ್ನೂ ಹೇಳಬೇಕು. ಸತ್ತವರನ್ನು ಕೂಡಲೇ ದೇವರು ಮಾಡುವುದು ನನಗೆ ಆಗುವುದಿಲ್ಲ. ನಾವು ಒಂದು ಗುಂಡಿ ಒತ್ತಿ ಪರದೆ ಬಂತು, ಸರಿಯಾಯಿತು ಎನ್ನುತ್ತಿದ್ದೆವು. ಅವರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಅದೇ ಗುಂಡಿಯನ್ನು ಇಪ್ಪತ್ತು ಸಲ ಒತ್ತಿ, ಎಷ್ಟು ಹೊತ್ತಿಗೆ ಬಂತು ಎಂದು ಪ್ರತಿ ಸಲವೂ ಬರೆದುಕೊಳ್ಳುತ್ತಿದ್ದರು. "ಹತ್ತೊಂಬತ್ತು ಸಲ ಕೂಡಲೇ ಬಂತು. ಒಂದು ಸಲ ಏಳು ಸೆಕೆಂಡು. ಎಂತಕ್ಕೆ?" ಎಂದು ನೋಟ್‌ಬುಕ್ ಹಿಡಿದು ಬೆನ್ನ ಹಿಂದೆ ನಿಂತರೆ ನಮ್ಮ ತಲೆ ಕೆಡುತ್ತಿತ್ತು.

"ಒಂದು ಸಲ ತಾನೇ ಅಕ್ಕ, ಬಿಡಿ."

"ಆ ಒಂದು ಸಲದಲ್ಲಿ ಕಾಯುವವ ನೀನಲ್ಲ ಅಲ್ವಾ ಮಾರಾಯ."

ಇದರ ಹಿಂದಿನ ಕತೆಯನ್ನು ಒಮ್ಮೆ ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಅವರೇ ಹೇಳಿದ್ದರು. ಬೋರ್ಡಿಗೆ ಸೇರಿದ ಹೊಸತರಲ್ಲಿ ಹೆಬ್ರಿಯಿಂದ ಒಬ್ಬರು ಫೋನ್ ಮಾಡಿದರಂತೆ. "ಒಂದು ನಿಮಿಷ" ಎಂದು ಅವರನ್ನು ಹೋಲ್ಡಿನಲ್ಲಿಟ್ಟು ಬೇರೆ ನಾಲ್ಕು ಲೈನು ನೋಡಿ ತಿರುಗಿ ಬರುವಾಗ ಆ ಲೈನು ಸತ್ತಿತ್ತು. "ನನಗೆ ಅರ್ಧ ನಿಮಿಷ ಆದ ಹಾಗೆ ಅನ್ನಿಸಿದ್ದು. ಗಡಿಯಾರ ನೋಡಿದರೆ ಆರು ನಿಮಿಷ. ಅವರು ಯಾರು, ಯಾರಿಗೆ ಫೋನ್ ಮಾಡಿದ್ದು, ಯಾರಿಗಾದರೂ ಹುಷಾರಿಲ್ವಾ, ಎಂತದೂ ಗೊತ್ತಿಲ್ಲ. ಇವತ್ತಿಗೂ ಗೊತ್ತಿಲ್ಲ" ಎಂದರು. ಅಷ್ಟು ಹೇಳಿ ನನ್ನ ಬುತ್ತಿಗೆ ಒಂದು ತುಂಡು ಬಂಗುಡೆ ಮೀನು ಹಾಕಿದರು. ಅಂದಿನಿಂದ ಯಾರನ್ನು ಕಾಯಿಸಿದರೂ ನಡುನಡುವೆ ಬಂದು ಹೇಳಿ ಹೋಗುವುದು ಅವರಿಗೆ ವ್ರತದ ಹಾಗೆ ಆಗಿತ್ತು.

ನಮ್ಮ ಕಂಪನಿ ಆಗ ಒಂದು ಆಸ್ಪತ್ರೆಯ ಲ್ಯಾಬಿಗೆ ಪ್ರೋಗ್ರಾಮ್ ಮಾಡಿ ಕೊಟ್ಟಿತ್ತು. ಆಸ್ಪತ್ರೆ ಯಾವುದು ಎಂಬುದು ಇಲ್ಲಿ ಬೇಡ, ತಪ್ಪು ಅವರದ್ದಲ್ಲ. ರಕ್ತ ಪರೀಕ್ಷೆಯ ಯಂತ್ರ ಒಂದೊಂದೇ ಫಲಿತಾಂಶವನ್ನು ತಂತಿಯ ಮೂಲಕ ನಮ್ಮ ಸರ್ವರಿಗೆ ಕಳಿಸುತ್ತಿತ್ತು. ಸರ್ವರು "ಸಿಕ್ಕಿತು" ಎಂದು ಮರುನುಡಿಯಬೇಕು. ಕೆಲವು ಸೆಕೆಂಡುಗಳಲ್ಲಿ ಮರುನುಡಿ ಬಾರದಿದ್ದರೆ ಯಂತ್ರ ಅದನ್ನು ಬಿಟ್ಟು ಮುಂದಿನ ರಕ್ತಕ್ಕೆ ಹೋಗುತ್ತಿತ್ತು. ಲ್ಯಾಬಿನವರಿಗೆ ಇದನ್ನು ಕಲಿಸಿಕೊಟ್ಟವರು ಅಕ್ಕನೇ. "ಕುರ್ಚಿಯಿಂದ ಏಳುವಾಗ ಲಾಗ್‌ಔಟ್ ಮಾಡಿ, ನಿಮ್ಮ ಹೆಸರಿನಲ್ಲಿ ಬೇರೆಯವರು ಕೆಲಸ ಮಾಡಬಾರದು" ಎಂದು ಹತ್ತು ಸಲ ಹೇಳಿದ್ದರು. ಎಲ್ಲರೂ ತಲೆಯಾಡಿಸಿದ್ದರು. ಮಾರನೆಯ ದಿನದಿಂದ, ಬೆಳಿಗ್ಗೆ ಮೊದಲು ಬಂದವರು ಪಾಸ್‌ವರ್ಡ್ ಹಾಕಿದರೆ ಸಂಜೆಯವರೆಗೆ ಅದೇ ನಡೆಯುತ್ತಿತ್ತು.

ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ್ದು ಒಬ್ಬಳೇ, ರೇಣುಕಾ. ಗದಗ ಕಡೆಯವಳು. ಅಪ್ಪ ಮಣಿಪಾಲದ ಕಟ್ಟಡಗಳಲ್ಲಿ ಗಾರೆ ಕೆಲಸಕ್ಕೆ ಬಂದವನು, ಪರ್ಕಳದಲ್ಲಿ ಬಾಡಿಗೆ ಕೋಣೆ. ಮಗಳು ಲ್ಯಾಬ್ ಟೆಕ್ನಿಶಿಯನ್ ಕಲಿತು ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ನೀರು ಕುಡಿಯಲು ಎದ್ದರೂ ಲಾಗ್‌ಔಟ್ ಮಾಡಿ ಏಳುತ್ತಿದ್ದಳು.

ಅವಳ ಪಾಳಿಯಲ್ಲಿಯೇ ಫಲಿತಾಂಶಗಳು ಕಾಣೆಯಾಗತೊಡಗಿದವು. ದಿನಕ್ಕೆ ಒಂದೋ ಎರಡೋ, ಅದೂ ಅವಳು ಕುರ್ಚಿ ಬಿಟ್ಟು ಎದ್ದ ಹೊತ್ತಿನಲ್ಲೇ. ವಾರ್ಡಿನಲ್ಲಿ ಒಂದು ಮಗುವಿಗೆ ಒಂದೇ ಪರೀಕ್ಷೆಗೆ ಮೂರು ಸಲ ಸೂಜಿ ಚುಚ್ಚಬೇಕಾಯಿತು. ಅದರ ಅಪ್ಪ ಗಲಾಟೆ ಮಾಡಿದರು. ಲ್ಯಾಬಿನ ಮುಖ್ಯಸ್ಥರು ಪಟ್ಟಿ ತೆಗೆದು ನೋಡಿದರೆ ಲೆಕ್ಕ ಸರಿಯಾಗಿಯೇ ಕೂತಿತು: ಹುಡುಗಿ ಏಳುತ್ತಾಳೆ, ರಿಪೋರ್ಟ್ ಕಾಣೆಯಾಗುತ್ತದೆ. ಅವಳನ್ನು ಯಂತ್ರದಿಂದ ದೂರ ಇಟ್ಟು ಸೋಮವಾರ ಹತ್ತು ಗಂಟೆಗೆ ವಿಚಾರಣೆ ಎಂದರು. ನಿರ್ಲಕ್ಷ್ಯ ಎಂದು ಬರೆದು ಕಳಿಸಿದರೆ ಆ ಹುಡುಗಿಯನ್ನು ಬೇರೆ ಯಾವ ಲ್ಯಾಬಿನವರು ಸೇರಿಸಿಕೊಳ್ಳುತ್ತಾರೆ? ಪ್ರೋಗ್ರಾಮಿನಲ್ಲಿ ತಪ್ಪಿಲ್ಲ ಎಂದು ಒಂದು ಕಾಗದ ಕೊಡಿ ಎಂದು ಮುಖ್ಯಸ್ಥರು ನಮ್ಮನ್ನು ಕೇಳಿದರು. ನಮ್ಮ ಬಾಸ್ ಕೂಡಲೇ ಕೊಡಲು ತಯಾರಿದ್ದರು. ಅಕ್ಕ ಅಡ್ಡ ಬಂದರು.

"ನೋಡದೆ ಹೇಗೆ ಕೊಡುವುದು? ಲಾಗ್‌ಔಟ್ ಮಾಡ್ಲಿಕ್ಕೆ ಹೇಳಿದ್ದು ನಾನು."

ಜಾವಾದಲ್ಲಿ ಬರೆದ ಪ್ರೋಗ್ರಾಮ್, ಬಳಸಿ ಬಿಟ್ಟ ಮೆಮೊರಿಯನ್ನು ನಡುನಡುವೆ ತಾನೇ ಗುಡಿಸಿಕೊಳ್ಳುತ್ತದೆ. ದೊಡ್ಡದಾಗಿ ಗುಡಿಸಲು ಹೊರಟರೆ ಆ ಹೊತ್ತಿಗೆ ಉಳಿದೆಲ್ಲ ಕೆಲಸ ನಿಲ್ಲುತ್ತದೆ. ನಾನು ಇದನ್ನು ಅಕ್ಕನಿಗೆ ಬಹಳ ಗತ್ತಿನಲ್ಲಿ ವಿವರಿಸಿದೆ. ಅವರು ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ತಾನು ನಿಂತದ್ದು ಅದಕ್ಕೆ ಗೊತ್ತಾಗ್ತದಾ?"

"ಇಲ್ಲ ಅಕ್ಕ. ಗಡಿಯಾರ ನೋಡಬೇಕಾದ ಸಾಲೂ ನಿಂತಿರುತ್ತದಲ್ಲ. ಅದಕ್ಕೆ ಏನೂ ಆಗದ ಹಾಗೇ ಇರುತ್ತದೆ."

"ಎದ್ದ ಮೇಲೆ ಕೇಳ್ಲಿಕ್ಕೆ ಆಗ್ತದಾ, ಎಷ್ಟು ಹೊತ್ತು ನಿಂತೆ ಅಂತ?"

ಮೊದಲಾದರೆ ಆಗುವುದಿಲ್ಲ ಎನ್ನುತ್ತಿದ್ದೆ. ಮೊದಲು ಅದನ್ನು ಹೊರಗಿನಿಂದ ನೋಡಬೇಕಿತ್ತು. ಸರ್ವರನ್ನು ನಿಲ್ಲಿಸಿ, ಬೇರೆ ಆಜ್ಞೆ ಕೊಟ್ಟು ಮತ್ತೆ ಶುರು ಮಾಡಿ, ಬರುವ ಸಾಲುಗಳನ್ನು ಓದಬೇಕು. ಆಸ್ಪತ್ರೆಯವರು ಸರ್ವರ್ ಮುಟ್ಟಲು ಬಿಡುತ್ತಿರಲಿಲ್ಲ. ಆದರೆ ಆಗಷ್ಟೇ ಜಾವಾದ ಹೊಸ ಆವೃತ್ತಿ ಬಂದಿತ್ತು. ಪ್ರೋಗ್ರಾಮನ್ನು ನಡೆಸುವ ತಂತ್ರಾಂಶ ಒಳಗೊಳಗೇ ಇಟ್ಟುಕೊಂಡಿರುವ ಲೆಕ್ಕವನ್ನು, ಎಷ್ಟು ಸಲ ಗುಡಿಸಿದೆ, ಒಟ್ಟು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು, ಪ್ರೋಗ್ರಾಮ್ ತಾನೇ ಒಳಗಿನಿಂದ ಕೇಳಿ ಪಡೆಯುವ ದಾರಿ ಅದರಲ್ಲಿತ್ತು. ನಾಲ್ಕು ಸಾಲು ಬರೆದು, ಆಸ್ಪತ್ರೆಯ ಹಿಂದಿನ ದಿನಗಳ ದಾಖಲೆಯನ್ನು ನಮ್ಮ ಆಫೀಸಿನ ಕಂಪ್ಯೂಟರಿನಲ್ಲೇ ಮತ್ತೆ ನಡೆಸಿ ನೋಡಿದರೆ ಸಾಕು. ಬರೆದೆ. ಸಂಜೆ ಅಕ್ಕನ ಮೇಜಿಗೆ ಹೋಗಿ, "ಇಡೀ ದಿನಕ್ಕೆ ಒಟ್ಟು ನಿಂತದ್ದು ಎರಡು ನಿಮಿಷ ಕೂಡ ಇಲ್ಲ. ಪ್ರೋಗ್ರಾಮ್ ಸರಿ ಉಂಟು" ಎಂದೆ.

"ಒಟ್ಟು ಎಂತಕ್ಕೆ ನನಗೆ? ದಿನಕ್ಕೆ ಒಟ್ಟು ಎಷ್ಟು ಕಾಯಿಸಿದೆ ಅಂತ ಬೋರ್ಡಿನಲ್ಲಿ ಯಾರೂ ಕೇಳ್ತಿರಲಿಲ್ಲ. ಒಂದೊಂದು ಸಲಕ್ಕೆ ಎಷ್ಟು ಅಂತ ಹೇಳು. ಯಾವಾಗ ಅಂತ ಹೇಳು."

ಗೊಣಗುತ್ತಲೇ ಬದಲಾಯಿಸಿದೆ. ಪ್ರತಿ ಸೆಕೆಂಡಿಗೆ ಒಮ್ಮೆ ಆ ಲೆಕ್ಕವನ್ನು ಕೇಳುವುದು, ಹಿಂದಿನ ಸಲದ ಅಂಕಿಯನ್ನು ಅದರಿಂದ ಕಳೆಯುವುದು, ಉಳಿದದ್ದು ಆ ಒಂದು ನಿಲುಗಡೆ. ಪಕ್ಕದಲ್ಲಿ ಗಂಟೆ, ಆಗ ಯಾರು ಏನು ಮಾಡುತ್ತಿದ್ದರು ಎಂಬುದು. ಗುರುವಾರ ಮಧ್ಯಾಹ್ನ ಅಕ್ಕ ಆ ಕಾಗದವನ್ನೂ ಕಾಣೆಯಾದ ಫಲಿತಾಂಶಗಳ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಸ್ಕೇಲು ಹಿಡಿದು ಗೆರೆ ಎಳೆದರು. ಎಂಟು ಸೆಕೆಂಡು, ಲಾಗ್‌ಔಟ್. ಒಂಬತ್ತು ಸೆಕೆಂಡು, ಲಾಗ್‌ಔಟ್. ಮತ್ತೆ ಎಂಟು, ಲಾಗ್‌ಔಟ್. ಯಂತ್ರ ಅಷ್ಟು ಹೊತ್ತು ಕಾಯುತ್ತಿರಲಿಲ್ಲ.

ಲಾಗ್‌ಔಟಿನ ಭಾಗವನ್ನು ಬರೆದವನು ನಾನು. ಅದರ ಕೊನೆಯಲ್ಲಿ "ಈಗಲೇ ಗುಡಿಸು" ಎಂಬ ಆಜ್ಞೆಯನ್ನು ನಾನೇ ಹಾಕಿದ್ದೆ. ಯಾರೂ ಹೇಳಿರಲಿಲ್ಲ. ಒಬ್ಬರು ಎದ್ದು ಹೋದ ಕೂಡಲೇ ಜಾಗ ಶುಚಿಯಾಗಲಿ ಎಂಬ ನನ್ನದೇ ಜಾಣತನ. ಒಬ್ಬ ಉಂಡು ಎದ್ದ ಜಾಗ ಒರೆಸಲು ಇಡೀ ಪಂಕ್ತಿಯ ಊಟವನ್ನು ನಿಲ್ಲಿಸಿದ ಹಾಗೆ ಆಗಿತ್ತು. ಲಾಗ್‌ಔಟ್ ಮಾಡದ ಸೋಮಾರಿಗಳಿಗೆ ಏನೂ ಆಗಲಿಲ್ಲ. ಮಾಡಿದವಳು ಸಿಕ್ಕಿಬಿದ್ದಳು.

ನಾನು ಬರೆದ ಆ ಭಾಗವನ್ನು ಅಕ್ಕ ಓದಬಲ್ಲವರಾಗಿದ್ದರು. ಓದಿದ್ದರು ಕೂಡ. ಆದರೆ ನನ್ನ ಮುಖ ನೋಡಲಿಲ್ಲ. ವರದಿಯ ಹಾಳೆಯಲ್ಲಿ ಏನಾಯಿತು ಎಂಬುದನ್ನೆಲ್ಲ ತಮ್ಮ ಗುಂಡು ಅಕ್ಷರದಲ್ಲಿ ಬರೆದು, "ಕಾರಣ" ಎಂಬ ಕಡೆ ಖಾಲಿ ಬಿಟ್ಟು ನನ್ನ ಮೇಜಿನ ಮೇಲಿಟ್ಟರು.

"ವಿಚಾರಣೆ ಸೋಮವಾರ ಹತ್ತಕ್ಕೆ. ಅದಕ್ಕಿಂತ ಮೊದಲು ಎಂತದೂ ಬದಲಾಗುವುದಿಲ್ಲ, ಮುಖ್ಯಸ್ಥರು ಊರಲ್ಲಿ ಇಲ್ಲ. ನೀನು ಬರಿ. ಒಂಬತ್ತರವರೆಗೆ ನೀನು ಬರೆಯದಿದ್ದರೆ ನಾನು ಬರಿತೇನೆ."

"ಕೆಲಸ ಹೋದರೆ ಅಕ್ಕ?"

"ಹೋಗ್ಲಿಕ್ಕಿಲ್ಲ. ಹೋದರೂ ನಿನಗೆ ಬೇರೆ ಸಿಕ್ತದೆ. ಅವಳಿಗೆ ಸಿಕ್ಲಿಕ್ಕಿಲ್ಲ."

ಅಲ್ಲೇ ಬರೆದು ಮುಗಿಸಬಹುದಿತ್ತು. ಒಂದು ಸಾಲು. ನಾನು ಬರೆಯಲಿಲ್ಲ. ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಶುಕ್ರವಾರವಿಡೀ ತಿರುಗಿದೆ. ಅಂದು ಸಂಜೆ ಇಳಿದು ಬರುವಾಗ ಅಕ್ಕ ರಸ್ತೆಯ ಆಚೆ ಬದಿ ಪರ್ಕಳದ ಬಸ್ಸಿಗೆ ನಿಂತಿದ್ದರು. ಅವರು ಹೋಗಬೇಕಾದದ್ದು ಉಡುಪಿಗೆ, ಅಲ್ಲಿಂದ ಕಾಪುವಿಗೆ. ಯಾರೋ ನೆಂಟರ ಮನೆಗಿರಬೇಕು ಎಂದುಕೊಂಡೆ. ಎದುರಾದರೆ ಹಾಳೆಯ ಬಗ್ಗೆ ಕೇಳುತ್ತಾರೆಂದು ಝೆರಾಕ್ಸ್ ಅಂಗಡಿಯೊಳಗೆ ನುಗ್ಗಿ, ಬೇಡದಿದ್ದರೂ ಬಸ್ ಪಾಸಿನ ಎರಡು ಪ್ರತಿ ಮಾಡಿಸಿದೆ. ಶನಿವಾರ, ಭಾನುವಾರ ಮನೆಯಲ್ಲಿ ಜ್ವರ ಎಂದು ಮಲಗಿದೆ. ಸೋಮವಾರ ಎಂಟೂಮುಕ್ಕಾಲಿಗೆ, ಅಕ್ಕ ಪೆನ್ನಿನ ಕ್ಯಾಪ್ ತೆಗೆದು ಕೂತಿರುವುದನ್ನು ನೋಡಿದ ಮೇಲೆ, "ಲಾಗ್‌ಔಟಿನಲ್ಲಿ ನಾನು ಸೇರಿಸಿದ ಅನವಶ್ಯಕ ಆಜ್ಞೆ" ಎಂದು ಬರೆದು ಸಹಿ ಹಾಕಿದೆ.

ಬಾಸ್ ಅದನ್ನು ಮತ್ತೆ ಟೈಪ್ ಮಾಡಿಸಿದರು. "ನಾನು" ಹೋಗಿ "ನಮ್ಮ ಪ್ರೋಗ್ರಾಮ್" ಎಂದಾಯಿತು. ನನ್ನ ಹೆಸರು ಎಲ್ಲಿಯೂ ಉಳಿಯಲಿಲ್ಲ. ರೇಣುಕಾಳಿಗೆ ಕುರ್ಚಿ ಮರಳಿ ಸಿಕ್ಕಿತು. ನನಗೆ ಬೈಗುಳ ಕೂಡ ಬೀಳಲಿಲ್ಲ. ಸಮಾಧಾನದಿಂದ ಅಕ್ಕನ ಹತ್ತಿರ ಹೋದರೆ ಅವರು ತಮ್ಮ ಗಡಿಯಾರಕ್ಕೆ ಕೀ ಕೊಡುತ್ತಾ ಹೇಳಿದರು:

"ಆಸ್ಪತ್ರೆಗೆ ಕಂಪನಿ ಹೇಳಿದರೆ ಸಾಕು. ಅವಳಿಗೆ ನೀನು ಹೇಳ್ಬೇಕು."

"ಹೋಗಿ ಹೇಳ್ತೇನೆ ಅಕ್ಕ."

ಅದಾದ ಮೇಲೆ ಅವರು ಬಾಸ್‌ನೊಂದಿಗೆ ಒಂದು ವಾರ ಜಗಳವಾಡಿ ಪ್ರೋಗ್ರಾಮಿನಲ್ಲಿ ಇನ್ನೊಂದು ವಿಷಯ ಸೇರಿಸಿದರು. ಸರ್ವರು ಒಂದು ಸೆಕೆಂಡಿಗಿಂತ ಹೆಚ್ಚು ನಿಂತರೆ, ಎದ್ದ ಕೂಡಲೇ ಅದೇ ಪರದೆಯ ಮೇಲೆ ಹೇಳಬೇಕು: ಇಷ್ಟು ಸೆಕೆಂಡು ನಿಂತಿದ್ದೆ, ಆ ಹೊತ್ತಿನ ಫಲಿತಾಂಶಗಳನ್ನು ಒಮ್ಮೆ ನೋಡಿಕೊಳ್ಳಿ. "ನಮ್ಮ ಅಂಗಡಿಯ ಹುಳುಕನ್ನು ನಾವೇ ಬೋರ್ಡು ಹಾಕಿ ಹೇಳುವುದಾ?" ಎಂದರು ಬಾಸ್. "ಹೌದು" ಎಂದರು ಅಕ್ಕ. ಅವರೊಂದಿಗೆ ಜಗಳಕ್ಕೆ ನಿಂತರೆ ಬಾಸ್‌ಗೇ ಮೊದಲು ಸುಸ್ತಾಗುತ್ತಿತ್ತು. ಆ ಸಾಲುಗಳನ್ನು ಬರೆದವನು ನಾನೇ. ಸರ್ವರು ನಿಂತದ್ದನ್ನು ಸರ್ವರೇ ಒಪ್ಪಿಕೊಳ್ಳುವ ಹಾಗೆ ಅಚ್ಚುಕಟ್ಟಾಗಿ ಬರೆದೆ.

ರೇಣುಕಾಳ ಹತ್ತಿರ ಮಾತ್ರ ಹೋಗಲಿಲ್ಲ. ಮೊದಲು ನಾಚಿಕೆಯಾಯಿತು. ಆಮೇಲೆ ತಡವಾಯಿತು, ಈಗ ಹೋದರೆ ವಿಚಿತ್ರ ಅನ್ನಿಸಿತು. ಹಿರಿಯಡ್ಕದಿಂದ ಬರುವ ನನ್ನ ಬಸ್ಸು ದಿನವೂ ಪರ್ಕಳದಲ್ಲಿ ನಿಲ್ಲುತ್ತಿತ್ತು. ಕಂಡಕ್ಟರ್ "ಪರ್ಕಳ, ಪರ್ಕಳ" ಎಂದು ಕೂಗಿ ಶಿಳ್ಳೆ ಹಾಕುವವರೆಗೆ ನಾನು ಬೇರೆ ಕಡೆ ನೋಡುತ್ತಿದ್ದೆ. ಅಕ್ಕ ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ, ಬೇರೆ ಏನೋ ಮಾತಿನ ನಡುವೆ, "ಪರ್ಕಳಕ್ಕೆ ಹೋದಿಯಾ?" ಎನ್ನುತ್ತಿದ್ದರು. "ಇಲ್ಲ ಅಕ್ಕ." "ಆಯ್ತು." ಅಷ್ಟೇ. ಕಂಪನಿ ಮುಚ್ಚಿತು, ನಾನು ಬೇರೆ ಕಡೆ ಸೇರಿದೆ, ಅವರು ಮನೆಯಲ್ಲಿ ಕೂತರು. ಹಬ್ಬಕ್ಕೆ ಫೋನ್ ಮಾಡಿದಾಗಲೂ ಕೊನೆಗೆ ಅದೇ ಪ್ರಶ್ನೆ ಇರುತ್ತಿತ್ತು. ಈ ವರ್ಷ ಯುಗಾದಿಗೆ ಮಾತಾಡಿದಾಗ ಅವರ ದನಿ ಬಹಳ ಸಣ್ಣದಾಗಿತ್ತು. ಆಗಲೂ ಕೇಳಿದರು.

ಬೊಜ್ಜದ ದಿನ ಕಾಪುವಿನ ಅವರ ಅಂಗಳದಲ್ಲಿ ಚಪ್ಪರ ಹಾಕಿ ಪಂಕ್ತಿ ಹಾಕಿದ್ದರು. ನನ್ನ ಪಕ್ಕದ ಎಲೆಗೆ ಒಬ್ಬ ಹೆಂಗಸು ಬಂದು ಕೂತಳು. ನೋಡಿದರೆ ರೇಣುಕಾ. ಈಗ ಕಾರ್ಕಳದ ಒಂದು ಲ್ಯಾಬಿನಲ್ಲಿ ಹಿರಿಯ ಟೆಕ್ನಿಶಿಯನ್ ಆಗಿದ್ದಾಳಂತೆ. ನಾನು ಅಕ್ಕನ ಆಫೀಸಿನಲ್ಲಿದ್ದವನು ಎಂಬಷ್ಟು ಗುರುತು ಅವಳಿಗಿತ್ತು. ಅಳುತ್ತಿರಲಿಲ್ಲ, ಆದರೆ ಕಣ್ಣು ಕೆಂಪಾಗಿತ್ತು.

"ಆ ನಾಕು ದಿನ ಅಕ್ಕಾರು ಬರದಿದ್ರ ನಾ ಇಲ್ಲಿ ಇರ್ತಿರಲಿಲ್ರಿ," ಎಂದಳು. "ಗುರುವಾರದಿಂದ ಭಾನುವಾರದ ತನಕ ದಿನಾ ಸಂಜಿಗೆ ನಮ್ಮ ಖೋಲಿಗೆ ಬಂದ್ರು. ಭಾನುವಾರ ಆಫೀಸ್ ಇಲ್ಲ, ಕಾಪುದಿಂದ ಅದಕ್ಕಂತನ ಬಂದ್ರು. ಹತ್ತು ಮಿನಿಟ್ ಕೂಡೋರು. 'ಇನ್ನೂ ಆಗಿಲ್ಲ, ನಾನು ಮರೆತಿಲ್ಲ, ನಾಳೆ ಬರ್ತೇನೆ' ಅಂತ ಹೇಳಿ ಹೋಗೋರು. ಶನಿವಾರ ನಾ ಬ್ಯಾಗ್ ಕಟ್ಟಿ ಊರಿಗೆ ಹೊಂಟಿದ್ದೆ. ವಿಚಾರಣಿಗೆ ನಿಲ್ಲೋದು ಬ್ಯಾಡ ಅಂತ ಅಪ್ಪಗ ಹೇಳಿದ್ದೆ. ಅವರು ಬಂದು ಬ್ಯಾಗ್ ಮ್ಯಾಲೆ ಕುಂತಬಿಟ್ರು. ಏಳಲೇ ಇಲ್ಲ."

ಝೆರಾಕ್ಸ್ ಅಂಗಡಿಯ ಗಾಜಿನ ಹಿಂದಿನಿಂದ ನೋಡಿದ, ರಸ್ತೆಯಾಚೆ ನಿಂತ ಅಕ್ಕನ ನೀಲಿ ಕೊಡೆ ಕಣ್ಣ ಮುಂದೆ ಬಂತು. ನಾನು ಜೇಬಿನಲ್ಲಿ ಹಾಳೆ ಇಟ್ಟುಕೊಂಡು ಅಡಗಿದ್ದ ಅಷ್ಟೂ ದಿನ, ನನ್ನಿಂದಾಗಿ ಕಾಯುತ್ತಿದ್ದವಳ ಹತ್ತಿರ ಅವರು ಹೋಗಿ ಹೋಗಿ ಹೇಳಿ ಬರುತ್ತಿದ್ದರು. ನನಗೆ ಒಂದು ಮಾತೂ ಹೇಳಿರಲಿಲ್ಲ. ಅವಳು ಆ ಶನಿವಾರ ಬಸ್ಸು ಹತ್ತಿದ್ದರೆ ಸೋಮವಾರದ ನನ್ನ ಒಂದು ಸಾಲಿನಿಂದ ಏನಾಗುತ್ತಿತ್ತು?

"ಯಾರ ತಪ್ಪು ಅಂತ ಅಕ್ಕ ಹೇಳಿದ್ರಾ?" ಎಂದು ಕೇಳಿದೆ.

"ಕೇಳಿದ್ದೆ. ಹೇಳಲಿಲ್ರಿ. 'ಒಬ್ಬ ಹುಡುಗ ಇದ್ದಾನೆ, ಅವನೇ ಬಂದು ಹೇಳ್ತಾನೆ, ಅವನಿಗೆ ಸ್ವಲ್ಪ ಹೊತ್ತು ಬೇಕು' ಅಂದ್ರು. ಆಮ್ಯಾಲೂ ಫೋನ್ ಮಾಡಿದಾಗೆಲ್ಲ ಕೇಳೋರು, ಬಂದಿದ್ನಾ ಅಂತ." ಅವಳು ನನ್ನ ಕಡೆ ತಿರುಗಿದಳು. "ನಿಮಗೇನರ ಗೊತ್ತೈತೇನ್ರಿ, ಯಾರಂತ?"

ಅನ್ನ ಬಡಿಸುವವರು ಬಂದರು. ಹಿಂದೆಯೇ ಸಾರಿನವರು ಬಂದು ನನ್ನನ್ನು ಎರಡು ಸಲ ಕೇಳಿ ಮುಂದೆ ಹೋದರು. ಪಂಕ್ತಿಯ ಆ ಕೊನೆಯಿಂದ ಪಾಯಸದ ಪಾತ್ರೆ ಹೊರಟು ನಮ್ಮ ಹತ್ತಿರ ಬರುವಷ್ಟು ಹೊತ್ತು ನಾನು ಬಾಯಿ ತೆರೆಯಲಿಲ್ಲ. ಅವಳು ಕಾಯುತ್ತಿದ್ದಳು.

"ನಾನೇ," ಎಂದೆ.

ರೇಣುಕಾ ಬಡಿಸುವವರನ್ನು ಕರೆದು ನನ್ನ ಎಲೆಯ ಬರಿ ಅನ್ನ ತೋರಿಸಿ, ಸಾರು ಹಾಕಲು ಹೇಳಿದಳು.

"ಬರ್ತಾನ ಅಂತ ಅಕ್ಕಾರು ಹೇಳಿದ್ರು," ಎಂದಳು. "ಭಾಳ ಹೊತ್ತು ಮಾಡಿದ್ರಿ."